‘ಪ್ರಾಗ್‌ನ ವಿದ್ಯಾರ್ಥಿ’ ಡಿವಿಡಿ: ಹೊದಿಕೆಯ ಹಿಂಬದಿಗೆ ಸರಿದ ಛಾಯಾಗ್ರಾಹಕ

1913ರ ಜರ್ಮನ್ ಮೂಕಿ ಚಿತ್ರ ‘ಪ್ರಾಗ್‌ನ ವಿದ್ಯಾರ್ಥಿ’ಯ ಡಿವಿಡಿ ಹೊದಿಕೆಯ ಮೇಲೆ ನಾಯಕ ನಟ ಪೌಲ್ ವೇಗೆನರ್ ಅವರ ಮುಖ ಅಂಗೈ ಅಗಲಕ್ಕೆ ಹರಡಿಕೊಂಡಿದೆ. ಅದರ ಕೆಳಗೆ ಚಿತ್ರದ ಹೆಸರು, ಆಮೇಲೆ ಕಥೆ ಬರೆದ ಹಾನ್ಸ್ ಹೈನ್ಸ್ ಎವರ್ಸ್, ಆಮೇಲೆ ನಿರ್ದೇಶಕ ಸ್ಟೆಲ್ಲಾನ್ ರ್ಯೂ. ಛಾಯಾಗ್ರಾಹಕ ಯಾರೆಂದು ತಿಳಿಯಬೇಕಾದರೆ ಪೆಟ್ಟಿಗೆಯನ್ನು ತಿರುವಿ, ಇರುವೆಸಾಲಿನಂತಹ ಅಕ್ಷರಗಳ ನಡುವೆ ಹುಡುಕಬೇಕು. ಗೀಡೊ ಝೇಬರ್ ಎಂಬ ಹೆಸರು ಅಲ್ಲಿದೆ. ನಾನು ಈ ಡಿವಿಡಿಯನ್ನು ಕೊಂಡದ್ದು ಆ ಒಂದು ಹೆಸರಿಗಾಗಿ. ಆದ್ದರಿಂದ ಈ ವಿಮರ್ಶೆಯಲ್ಲಿ ನಟನೆ, ಕಥೆ, ಕಾಲದ ಹಿನ್ನೆಲೆ ಇವೆಲ್ಲ ಎರಡನೆಯ ಸಾಲಿಗೆ ಹೋಗುತ್ತವೆ. ಹೊದಿಕೆಯಲ್ಲಿ ಅವಕ್ಕೆ ಮೊದಲ ಸಾಲು ಈಗಾಗಲೇ ಸಿಕ್ಕಿದೆ.

ಮೊದಲು ವಸ್ತುವಿನ ಗುಣ. ಇದರಲ್ಲಿರುವುದು ಮ್ಯೂನಿಕ್‌ನ ಚಲನಚಿತ್ರ ಸಂಗ್ರಹಾಲಯದವರು 2013ರಲ್ಲಿ, ಚಿತ್ರಕ್ಕೆ ನೂರು ವರ್ಷ ತುಂಬಿದ ಹೊತ್ತಿಗೆ, ಸಿದ್ಧಪಡಿಸಿದ ಪುನರುದ್ಧಾರಗೊಂಡ ಪ್ರತಿ. ಇದಕ್ಕೆ ಮೊದಲು ಈ ಚಿತ್ರವನ್ನು ಮನೆಯಲ್ಲಿ ನೋಡಿದ್ದವರ ಪಾಲಿಗೆ ಬಂದದ್ದು ಬಹುಮಟ್ಟಿಗೆ ಕತ್ತರಿ ಬಿದ್ದ ಪ್ರತಿಗಳು. ಅವುಗಳಲ್ಲಿ ಕೆಲವು ಒಂದು ಗಂಟೆಯನ್ನೂ ಮುಟ್ಟುತ್ತಿರಲಿಲ್ಲ. ಸೆಕೆಂಡಿಗೆ 16ರಿಂದ 18 ಫ್ರೇಮುಗಳ ಲೆಕ್ಕದಲ್ಲಿ ತೆಗೆದ ಚಿತ್ರವನ್ನು 24ರ ವೇಗದಲ್ಲಿ ಓಡಿಸುತ್ತಿದ್ದುದರಿಂದ ಪಾತ್ರಗಳೆಲ್ಲ ರೈಲು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಓಡಾಡುತ್ತಿದ್ದವು. ಇಲ್ಲಿ ಮನುಷ್ಯರು ಮನುಷ್ಯರ ನಡಿಗೆಯಲ್ಲಿಯೇ ನಡೆಯುತ್ತಾರೆ. ಹಗಲು, ರಾತ್ರಿ, ದೀಪದ ಬೆಳಕು ಎಂದು ದೃಶ್ಯಕ್ಕೆ ತಕ್ಕಂತೆ ಪ್ರಿಂಟಿಗೆ ಬಣ್ಣ ಹಿಡಿಸುವ ಆ ಕಾಲದ ಪದ್ಧತಿಯನ್ನೂ ಮರಳಿ ತಂದಿದ್ದಾರೆ. ಫ್ರಾನ್ಜ್ ಲಿಸ್ಟ್ ಅವರ ಶಿಷ್ಯರಾಗಿದ್ದ ಯೋಸೆಫ್ ವೈಸ್ ಈ ಚಿತ್ರಕ್ಕೆಂದೇ ರಚಿಸಿದ ಸಂಗೀತವೂ ಜೊತೆಗಿದೆ. ಮೂಕಿ ಚಿತ್ರವೆಂದರೆ ಯಾವುದಾದರೊಂದು ಪಿಯಾನೊ ಬಾರಿಸಿದರೆ ಸಾಕು ಎಂದುಕೊಂಡವರ ಅಭಿಪ್ರಾಯವನ್ನು ಇದು ಬದಲಿಸೀತು. ಚಿತ್ರದ ಗುಣಮಟ್ಟದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ, ಅದನ್ನು ಆಮೇಲೆ ಹೇಳುತ್ತೇನೆ.

ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 1820ರ ಪ್ರಾಗ್ ನಗರ. ಬಾಲ್ಡುಯಿನ್ ಊರಿನಲ್ಲೇ ಮೇಲಾದ ಕತ್ತಿವರಸೆಗಾರ, ಆದರೆ ಜೇಬು ಖಾಲಿಯಾದ ವಿದ್ಯಾರ್ಥಿ. ಸ್ಕಾಪಿನೆಲ್ಲಿ ಎಂಬ ನಿಗೂಢ ಮುದುಕ ಅವನಿಗೆ ಒಂದು ಲಕ್ಷ ಚಿನ್ನದ ನಾಣ್ಯ ಕೊಡುತ್ತಾನೆ. ಬದಲಿಗೆ ಕೋಣೆಯಲ್ಲಿರುವ ಯಾವುದಾದರೊಂದನ್ನು ಒಯ್ಯಲು ತನಗೆ ಅನುಮತಿ ಬೇಕೆನ್ನುತ್ತಾನೆ. ಇರುವುದೇನು ಮಹಾ ಎಂದು ಬಾಲ್ಡುಯಿನ್ ಸಹಿ ಹಾಕುತ್ತಾನೆ. ಮುದುಕ ಒಯ್ಯುವುದು ಕನ್ನಡಿಯಲ್ಲಿದ್ದ ಅವನ ಪ್ರತಿಬಿಂಬವನ್ನು. ಅಲ್ಲಿಂದ ಮುಂದೆ ಆ ಪ್ರತಿಬಿಂಬ ಊರೆಲ್ಲ ತಿರುಗುತ್ತ, ಪ್ರೇಯಸಿಯೊಡನೆ ಇದ್ದಾಗ ಎದುರು ಬಂದು ನಿಲ್ಲುತ್ತ, ಕೊಲ್ಲುವುದಿಲ್ಲವೆಂದು ಬಾಲ್ಡುಯಿನ್ ಮಾತು ಕೊಟ್ಟಿದ್ದ ಎದುರಾಳಿಯನ್ನು ದ್ವಂದ್ವಯುದ್ಧದಲ್ಲಿ ತಾನೇ ಕೊಂದುಹಾಕುತ್ತ ಅವನ ಬದುಕನ್ನು ನುಂಗುತ್ತದೆ. ಕೊನೆಗೆ ಬಾಲ್ಡುಯಿನ್ ಅದಕ್ಕೆ ಗುಂಡು ಹಾರಿಸುತ್ತಾನೆ. ರಕ್ತ ಬರುವುದು ಅವನದೇ ಎದೆಯಿಂದ. ಕಥೆಯನ್ನು ಪೂರ್ತಿ ಹೇಳಿಬಿಟ್ಟೆನೆಂದು ಯಾರೂ ಕೋಪಿಸಿಕೊಳ್ಳಬಾರದು. ಚಿತ್ರ ಬರ್ಲಿನ್‌ನಲ್ಲಿ ತೆರೆ ಕಂಡದ್ದು 1913ರ ಆಗಸ್ಟ್ 22ರಂದು, ಅಂದಿನಿಂದ ಎಲ್ಲರಿಗೂ ಸಾಕಷ್ಟು ಸಮಯವಿತ್ತು.

ದ್ವಿಪಾತ್ರವೆಂದರೆ ನಮ್ಮ ಪ್ರೇಕ್ಷಕರಿಗೆ ಹೊಸದೇನಲ್ಲ. ಒಬ್ಬನೇ ನಟ ಅಣ್ಣನೂ ತಮ್ಮನೂ ಆಗಿ ಎದುರುಬದುರು ನಿಲ್ಲುವುದನ್ನು ಬಾಲ್ಯದಿಂದ ನೋಡಿದ ಕಣ್ಣು ಈ ಚಿತ್ರದ ಮೊದಲ ಹತ್ತು ನಿಮಿಷ ‘ಇಷ್ಟೇ ತಾನೆ’ ಎಂದುಕೊಳ್ಳುವುದು ಸಹಜ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಇದನ್ನು ಹೇಗೆ ತೆಗೆದಿರಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಲು ಕೂತಾಗ ಉಸಿರು ಬಿಗಿಹಿಡಿಯಿತು. ಆಗ ಎರಡು ನೆಗೆಟಿವ್‌ಗಳನ್ನು ಲ್ಯಾಬಿನಲ್ಲಿ ಅಚ್ಚುಕಟ್ಟಾಗಿ ಕೂಡಿಸುವ ಆಪ್ಟಿಕಲ್ ಪ್ರಿಂಟರಿನ ಅನುಕೂಲವಿರಲಿಲ್ಲ. ಏನೇ ಮಾಡುವುದಿದ್ದರೂ ಕ್ಯಾಮೆರಾದ ಒಳಗೇ, ಒಂದೇ ನೆಗೆಟಿವ್ ಮೇಲೆಯೇ ಮಾಡಬೇಕು. ಫ್ರೇಮಿನ ಅರ್ಧವನ್ನು ಕಪ್ಪು ಮಾಸ್ಕಿನಿಂದ ಮುಚ್ಚಿ, ವೇಗೆನರ್ ಅವರನ್ನು ಒಂದು ಬದಿಯಲ್ಲಿ ನಿಲ್ಲಿಸಿ ಚಿತ್ರೀಕರಿಸಬೇಕು. ಆಮೇಲೆ ಫಿಲ್ಮನ್ನು ಕತ್ತಲೆಯಲ್ಲಿಯೇ ಹಿಂದಕ್ಕೆ ಸುತ್ತಿ, ಮಾಸ್ಕನ್ನು ಇನ್ನೊಂದು ಅರ್ಧಕ್ಕೆ ಬದಲಾಯಿಸಿ, ನಟ ಬಟ್ಟೆ ಸರಿಪಡಿಸಿಕೊಂಡು ಎದುರು ಬದಿಗೆ ಬಂದು ನಿಂತ ಮೇಲೆ ಮತ್ತೆ ಅದೇ ಉದ್ದದ ಫಿಲ್ಮನ್ನು ಓಡಿಸಬೇಕು.

ಇದನ್ನೆಲ್ಲ ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಮಾಡಬೇಕಿತ್ತು ಎಂಬುದನ್ನು ಮರೆಯಬಾರದು. ಅಂದಿನ ಕ್ಯಾಮೆರಾದ ಹಿಡಿಕೆಯ ಒಂದು ಸುತ್ತಿಗೆ ಎಂಟು ಫ್ರೇಮು, ಸೆಕೆಂಡಿಗೆ ಎರಡು ಸುತ್ತು. ಒಂದು ನಿಮಿಷದ ದೃಶ್ಯವೆಂದರೆ 120 ಸುತ್ತು, 960 ಫ್ರೇಮು, ಸುಮಾರು 18 ಮೀಟರ್ ಫಿಲ್ಮು. ಎರಡನೆಯ ಸಲ ಒಂದು ಸುತ್ತು ಹೆಚ್ಚುಕಮ್ಮಿಯಾದರೂ ಬಾಲ್ಡುಯಿನ್ ಬೆಚ್ಚಿಬೀಳುವುದು ಪ್ರತಿಬಿಂಬ ಬಾಗಿಲಿಗೆ ಬರುವ ಅರ್ಧ ಸೆಕೆಂಡಿಗೆ ಮುಂಚೆ. ಸರಿಯಾಯಿತೋ ಇಲ್ಲವೋ ಎಂದು ಅಲ್ಲಿಯೇ ನೋಡುವಂತಿಲ್ಲ; ನೆಗೆಟಿವ್ ತೊಳೆದು ಬಂದ ಮೇಲೆ ತಪ್ಪು ಕಂಡರೆ ಎರಡೂ ಅರ್ಧಗಳು ಒಟ್ಟಿಗೆ ಹಾಳು. ಕ್ಯಾಮೆರಾದ ಕಾಲು ಎರಡು ಸಲದ ನಡುವೆ ಕೂದಲೆಳೆಯಷ್ಟು ಅಲುಗಬಾರದು. ಕೆಲಸ ನಡೆಯುವುದು ಹಗಲಿನ ಬೆಳಕಿನಲ್ಲಾದರೆ ಇನ್ನೊಂದು ತೊಂದರೆ: ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಸೂರ್ಯ ತನ್ನ ದಾರಿ ಹಿಡಿದು ಹೋಗಿಬಿಟ್ಟಿರುತ್ತಾನೆ, ಎಡಗಡೆಯ ನೆರಳು ಒಂದು ದಿಕ್ಕಿಗೆ, ಬಲಗಡೆಯದು ಮತ್ತೊಂದು ದಿಕ್ಕಿಗೆ ಬೀಳುತ್ತದೆ.

ರಿಮೋಟ್ ಹಿಡಿದು, ದೃಶ್ಯಗಳನ್ನು ಒಂದೊಂದೇ ಫ್ರೇಮಿನಂತೆ ಮುಂದಕ್ಕೆ ಹಿಂದಕ್ಕೆ ಮಾಡಿ, ಎರಡು ಅರ್ಧಗಳ ಹೊಲಿಗೆ ಎಲ್ಲಿದೆಯೆಂದು ಹುಡುಕಿದೆ. ಇಂತಹ ಗೆರೆಯನ್ನು ಅಡಗಿಸಲು ಕಂಬವೋ, ಬಾಗಿಲ ಚೌಕಟ್ಟೋ, ಮರದ ಕಾಂಡವೋ ಬೇಕಾಗುತ್ತದೆ ಎಂದು ಗೊತ್ತಿದ್ದರಿಂದ ಮೊದಲು ಅಲ್ಲಿಗೇ ಕಣ್ಣು ಹಾಯಿಸಿದೆ. ಅನುಮಾನ ಬಂದದ್ದು ಒಂದೆರಡು ಕಡೆ ಮಾತ್ರ; ಅದೂ ಅನುಮಾನವೇ ಹೊರತು ಖಾತ್ರಿಯಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಸ್ಪೀಟಿನ ದೃಶ್ಯ. ಬಾಲ್ಡುಯಿನ್ ಗೆಲ್ಲುತ್ತ ಹೋಗುತ್ತಾನೆ, ಎದುರು ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಖಾಲಿಯಾದ ಜಾಗಕ್ಕೆ ಅವನೇ ಬಂದು ಕೂರುತ್ತಾನೆ. ಇಬ್ಬರ ದೃಷ್ಟಿಯೂ ಸಂಧಿಸುತ್ತದೆ. ಚಿತ್ರೀಕರಣದಲ್ಲಿ ಪ್ರತಿಸಲವೂ ವೇಗೆನರ್ ಅವರ ಮುಂದಿದ್ದದ್ದು ಖಾಲಿ ಕುರ್ಚಿ. ಎಷ್ಟು ಎತ್ತರಕ್ಕೆ ನೋಡಬೇಕು, ಎಷ್ಟು ಎಣಿಕೆಗೆ ತಲೆಯೆತ್ತಬೇಕು ಎಂಬ ಲೆಕ್ಕ ಕ್ಯಾಮೆರಾದ ಪಕ್ಕದಿಂದ ಬರದಿದ್ದರೆ ಆ ನೋಟ ಗಾಳಿಯಲ್ಲಿ ತೇಲಿಹೋಗುತ್ತಿತ್ತು. ಒಬ್ಬನೇ ಮನುಷ್ಯ ತನ್ನೊಂದಿಗೇ ಇಸ್ಪೀಟು ಆಡುತ್ತಿರುವ, ತನ್ನೊಂದಿಗೇ ಕತ್ತಿವರಸೆ ಆಡುತ್ತಿರುವ ತಮಾಷೆಯ ಛಾಯಾಚಿತ್ರಗಳನ್ನು ಕಂಡು ತನಗೆ ಈ ಕಲ್ಪನೆ ಹೊಳೆಯಿತೆಂದು ವೇಗೆನರ್ ಮುಂದೆ ಒಂದು ಭಾಷಣದಲ್ಲಿ ಹೇಳಿದ್ದಾರೆ. ಹೊಳೆದದ್ದು ನಟನಿಗೆ, ಸರಿ. ಅದು ನಿಶ್ಚಲ ಚಿತ್ರದ ಚೇಷ್ಟೆಯಾಗಿ ಉಳಿಯದೆ ಚಲಿಸುವ ಭಯವಾದದ್ದು ಮಾತ್ರ ಹಿಡಿಕೆ ತಿರುಗಿಸಿದ ಕೈಯಿಂದ.

ಡಿವಿಡಿಯ ಜೊತೆಗೆ ಒಂದು ಪುಸ್ತಿಕೆ ಬರುತ್ತದೆ. ಅದರಲ್ಲಿ ಎವರ್ಸ್ ಅವರ ಸಾಹಿತ್ಯದ ಬಗ್ಗೆ ಪುಟಗಟ್ಟಲೆ ಇದೆ, ವೇಗೆನರ್ ಅವರ ರಂಗಭೂಮಿಯ ದಿನಗಳಿವೆ, ಝೇಬರ್ ಅವರಿಗೆ ಸಿಕ್ಕಿರುವುದು ಒಂದೇ ಒಂದು ಪ್ಯಾರಾ. ಇದೇ ನನ್ನ ಮುಖ್ಯ ದೂರು. ಆ ಪ್ಯಾರಾದಲ್ಲಿ ಇರಬೇಕಾಗಿದ್ದು ಇಲ್ಲದಿರುವುದರಿಂದ, ಕೊಳ್ಳುವವರಿಗೆ ಉಪಯೋಗವಾಗಲೆಂದು ನಾನೇ ಕೆಲವು ಸಂಗತಿಗಳನ್ನು ಇಲ್ಲಿ ತುಂಬಿಸುತ್ತೇನೆ.

ಗೀಡೊ ಝೇಬರ್ 1879ರ ಜೂನ್ 22ರಂದು ಸ್ಯಾಕ್ಸನಿ ಪ್ರಾಂತದ ಕೆಮ್ನಿಟ್ಸ್‌ನಲ್ಲಿ ಹುಟ್ಟಿದರು. ತಂದೆ ಕ್ಲೆಮೆನ್ಸ್ ಝೇಬರ್ ಅಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದವರು. ಅಂದರೆ ಗಾಜಿನ ತಟ್ಟೆ, ರಾಸಾಯನಿಕಗಳ ವಾಸನೆ, ಕತ್ತಲೆ ಕೋಣೆಯ ಕೆಂಪು ದೀಪ ಇವು ಮಗನಿಗೆ ಕಲಿಯಬೇಕಾದ ವಿದ್ಯೆಗಳಾಗಿರಲಿಲ್ಲ, ಮನೆಯ ಸಾಮಾನುಗಳಾಗಿದ್ದವು. 1896ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಲ್ಯೂಮಿಯೇರ್ ಸಹೋದರರ ಚಿತ್ರಗಳನ್ನು ನೋಡಿದ ಮೇಲೆ ಅವರ ಮನಸ್ಸು ನಿಂತ ಚಿತ್ರದಲ್ಲಿ ನಿಲ್ಲಲಿಲ್ಲ. ತಂದೆ ಮಗ ಸೇರಿ ಚಿತ್ರ ತೆಗೆಯುವ, ತೋರಿಸುವ ಯಂತ್ರಗಳನ್ನು ತಾವೇ ತಿದ್ದಿ ತೀಡಿ ಸಿದ್ಧಪಡಿಸತೊಡಗಿದರು. 1900ರ ಜುಲೈ ಕೊನೆಯಲ್ಲಿ ಚೀನಾದ ಬಾಕ್ಸರ್ ದಂಗೆಯನ್ನು ಹತ್ತಿಕ್ಕಲೆಂದು ಬ್ರೆಮರ್‌ಹಾಫನ್ ಬಂದರಿನಿಂದ ಹಡಗು ಹತ್ತಿದ ಜರ್ಮನ್ ಸೈನಿಕರನ್ನು ಗೀಡೊ ಚಿತ್ರೀಕರಿಸಿದರು. ಜರ್ಮನಿಯ ಆರಂಭಕಾಲದ ವಾರ್ತಾಚಿತ್ರಗಳಲ್ಲಿ ಇದನ್ನು ಎಣಿಸಬೇಕು. ಗ್ರಾಮಫೋನಿನ ಹಾಡಿಗೆ ಚಿತ್ರದ ತುಟಿ ಹೊಂದಿಸುವ ‘ಝೇಬರೋಫೋನ್’ ಎಂಬ ಯಂತ್ರವನ್ನೂ ಇವರು ಮಾಡಿದರು. ಹೆಸರಿನಲ್ಲೇ ಮನೆತನದ ಮುದ್ರೆ ಒತ್ತುವ ಈ ಸಣ್ಣ ಹೆಮ್ಮೆ ನನಗೆ ಇಷ್ಟವಾಗುತ್ತದೆ.

1908ರಲ್ಲಿ ಬರ್ಲಿನ್‌ನ ಡಾಯ್ಚ ಬಯೋಸ್ಕೋಪ್ ಕಂಪನಿ ಅವರನ್ನು ತಾಂತ್ರಿಕ ಮುಖ್ಯಸ್ಥರನ್ನಾಗಿ ಕರೆದುಕೊಂಡಿತು. ನಗರದ ನಡುವೆ, ಕಟ್ಟಡದ ಮೇಲಂತಸ್ತಿನಲ್ಲಿ, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮನ್ನು ಇಟ್ಟುಕೊಂಡು ಕೆಲಸ ಮಾಡುವುದಕ್ಕೆ ಅಗ್ನಿಶಾಮಕದವರು ಒಪ್ಪುವ ಹಾಗಿರಲಿಲ್ಲ. ಹೊಸ ಜಾಗ ಹುಡುಕುವ ಹೊಣೆ ಝೇಬರ್ ಅವರ ಹೆಗಲಿಗೆ ಬಿತ್ತು. 1911ರ ಚಳಿಗಾಲದಲ್ಲಿ ಪಾಟ್ಸ್‌ಡಾಮ್ ಬಳಿಯ ನೋಯ್‌ಬಾಬೆಲ್ಸ್‌ಬರ್ಗ್‌ನಲ್ಲಿ, ಹಿಂದೆ ಕೃತಕ ಹೂವುಗಳನ್ನು ತಯಾರಿಸುತ್ತಿದ್ದ ಒಂದು ಹಳೆಯ ಕಾರ್ಖಾನೆ ಅವರ ಕಣ್ಣಿಗೆ ಬಿತ್ತು. ಅಕ್ಕಪಕ್ಕದಲ್ಲಿ ವಸತಿಯಿಲ್ಲ, ಹೊಗೆಯಿಲ್ಲ, ಬೆಳಕು ಬೇಕಾದಷ್ಟು. ಅದರ ಪಕ್ಕಕ್ಕೆ ಗಾಜಿನ ಗೋಡೆ, ಗಾಜಿನ ಮಾಡಿನ ಸ್ಟುಡಿಯೊ ಎದ್ದಿತು. 1912ರ ಫೆಬ್ರವರಿ 12ರಂದು ಅಲ್ಲಿ ಮೊದಲ ಚಿತ್ರೀಕರಣ ಶುರುವಾಯಿತು: ಉರ್ಬಾನ್ ಗಾಡ್ ನಿರ್ದೇಶನದ, ಆಸ್ಟಾ ನೀಲ್ಸನ್ ಅಭಿನಯದ ‘ಡೆರ್ ಟೋಟೆನ್‌ಟಾನ್ಸ್’. ಕ್ಯಾಮೆರಾ ಹಿಂದೆ ಝೇಬರ್ ಅವರೇ. ಮುಂದೆ ಉಫಾ ಕಂಪನಿಯ ಬೃಹತ್ ಸೆಟ್ಟುಗಳು ಎದ್ದದ್ದು, ಇಂದಿಗೂ ಚಿತ್ರಗಳು ತಯಾರಾಗುತ್ತಿರುವುದು ಆ ಬಾಬೆಲ್ಸ್‌ಬರ್ಗ್‌ನಲ್ಲಿಯೇ. ನಿರ್ದೇಶಕರ ಹೆಸರಿನಿಂದ ನೆನಪಾಗುವ ಆ ಜಾಗವನ್ನು ಆಯ್ದು ಕೊಟ್ಟದ್ದು ಒಬ್ಬ ಛಾಯಾಗ್ರಾಹಕ ಎಂಬ ಮಾತು ಪುಸ್ತಿಕೆಯ ಪ್ಯಾರಾದಲ್ಲಿ ಅರ್ಧ ವಾಕ್ಯದಲ್ಲಿ ಮುಗಿದಿದೆ.

1910ರಲ್ಲಿ ಅವರು ಬೆಂಕಿಪೊಟ್ಟಣದ ಒಂದು ಪುಟ್ಟ ಚಿತ್ರ ಮಾಡಿದ್ದರು. ಪೊಟ್ಟಣದಿಂದ ಕಡ್ಡಿಗಳು ತಾವಾಗಿಯೇ ಹೊರಬಂದು ಸಾಲುಗಟ್ಟಿ ಒಂದೊಂದು ಆಕಾರ ತಳೆಯುತ್ತವೆ. ಒಂದು ಫ್ರೇಮು ತೆಗೆಯುವುದು, ಕಡ್ಡಿಯನ್ನು ಎಳ್ಳಷ್ಟು ಸರಿಸುವುದು, ಮತ್ತೊಂದು ಫ್ರೇಮು ತೆಗೆಯುವುದು. ಕೆಲವು ನಿಮಿಷಗಳ ಆಟಕ್ಕೆ ಸಾವಿರಾರು ಸಲ ಇದೇ ಕೆಲಸ. ‘ಪ್ರಾಗ್‌ನ ವಿದ್ಯಾರ್ಥಿ’ಯ 960 ಫ್ರೇಮುಗಳ ತಾಳ್ಮೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಇಲ್ಲೇ ಉತ್ತರವಿದೆ. ಇಷ್ಟು ಚಿಕ್ಕ ಚಿತ್ರವನ್ನು ಇದೇ ಡಿಸ್ಕಿಗೆ ಸೇರಿಸಿದ್ದರೆ ಜಾಗಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಸೇರಿಸಿಲ್ಲ. 1925ರಲ್ಲಿ ಬರ್ಲಿನ್‌ನ ಸಿನಿಮಾ ಮತ್ತು ಫೋಟೊ ಪ್ರದರ್ಶನಕ್ಕಾಗಿ ಯೂಲಿಯುಸ್ ಪಿನ್ಷೆವರ್ ಅವರ ಜೊತೆಗೂಡಿ ಮಾಡಿದ ‘ಕಿಫೊ’ ಎಂಬ ಜಾಹೀರಾತು ಚಿತ್ರವೂ ಇಲ್ಲ. ಐದು ನಿಮಿಷದ ಆಸುಪಾಸಿನ ಆ ಚಿತ್ರದಲ್ಲಿ ಒಂದೇ ಫ್ರೇಮಿನೊಳಗೆ ಹಲವು ಚಿತ್ರಗಳನ್ನು ಅಕ್ಕಪಕ್ಕ ಓಡಿಸಿ, ಸಿನಿಮಾ ಹೇಗೆ ತಯಾರಾಗುತ್ತದೆಂಬುದನ್ನೇ ಅವರು ಕುಣಿತವಾಗಿಸಿದ್ದಾರೆ. ಸಿಕ್ಕಿದ ಕಡೆ ನೋಡಿಕೊಳ್ಳಿ ಎಂದಷ್ಟೇ ನಾನು ಹೇಳಬಲ್ಲೆ.

‘ವಿದ್ಯಾರ್ಥಿ’ಯ ನಂತರ ವೇಗೆನರ್ ಅವರೊಂದಿಗೆ 1915ರ ‘ಗೋಲೆಮ್’ ಚಿತ್ರಕ್ಕೂ ಝೇಬರ್ ಕೆಲಸ ಮಾಡಿದರು. ಅದು ಬಹುಪಾಲು ಕಳೆದುಹೋಗಿ ತುಣುಕುಗಳಷ್ಟೇ ಉಳಿದಿವೆ. ಮೊದಲ ಮಹಾಯುದ್ಧವು ನಿರ್ದೇಶಕ ರ್ಯೂ ಅವರನ್ನೂ ಬಿಡಲಿಲ್ಲ. ಡೆನ್ಮಾರ್ಕಿನವರಾದರೂ ಜರ್ಮನ್ ಸೇನೆ ಸೇರಿ, 1914ರ ನವೆಂಬರಿನಲ್ಲಿ ಸೆರೆಯಾಳಾಗಿ ತೀರಿಕೊಂಡರು. ಯುದ್ಧಾನಂತರದ ಜರ್ಮನ್ ಸಿನಿಮಾದಲ್ಲಿ ಕಾರ್ಲ್ ಫ್ರಾಯ್ಂಡ್, ಫ್ರಿಟ್ಸ್ ಆರ್ನೊ ವಾಗ್ನರ್, ಕಾರ್ಲ್ ಹಾಫ್‌ಮನ್ ಮೊದಲಾದ ಕಿರಿಯರು ಹೆಸರು ಮಾಡಿದಾಗ ಝೇಬರ್ ಹಳಬರ ಸಾಲಿಗೆ ಸೇರಿದ್ದರು. ಆದರೂ 1924ರ ಜನವರಿಯಲ್ಲಿ ತೆರೆಗೆ ಬಂದ ಲೂಪು ಪಿಕ್ ಅವರ ‘ಸಿಲ್ವೆಸ್ಟರ್’ ಚಿತ್ರದ ಬೀದಿ ದೃಶ್ಯಗಳಿಗಾಗಿ ಅವರು ಕ್ಯಾಮೆರಾವನ್ನು ಗಾಲಿಯ ಮೇಲೇರಿಸಿ ಜನಜಂಗುಳಿಯೊಳಗೆ ತಳ್ಳಿಕೊಂಡು ಹೋಗಿದ್ದರು. ಅದೇ ವರ್ಷದ ಕೊನೆಗೆ ಫ್ರಾಯ್ಂಡ್ ಅವರ ಕ್ಯಾಮೆರಾ ಎಫ್.ಡಬ್ಲ್ಯೂ. ಮುರ್ನೌ ಅವರ ಚಿತ್ರದಲ್ಲಿ ಮಾಡಿದ ಓಡಾಟಕ್ಕೆ ‘ಕಟ್ಟು ಬಿಚ್ಚಿದ ಕ್ಯಾಮೆರಾ’ ಎಂಬ ಬಿರುದು ಬಂದು ಇತಿಹಾಸವಾಯಿತು. ಫ್ರಾಯ್ಂಡ್ ಅವರ ಸಾಧನೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆದರೆ ಕಟ್ಟು ಸಡಿಲಿಸಿದವರೊಬ್ಬರು ಹನ್ನೊಂದು ತಿಂಗಳ ಹಿಂದೆಯೇ ಇದ್ದರು.

ಜಿ.ಡಬ್ಲ್ಯೂ. ಪಾಬ್ಸ್ಟ್ ಅವರ 1925ರ ‘ಸಂತೋಷವಿಲ್ಲದ ಬೀದಿ’ಗೂ, 1926ರ ‘ಆತ್ಮದ ರಹಸ್ಯಗಳು’ ಚಿತ್ರಕ್ಕೂ ಝೇಬರ್ ಇತರ ಇಬ್ಬರ ಜೊತೆಗೆ ಛಾಯಾಗ್ರಹಣ ಮಾಡಿದರು. ಎರಡನೆಯದು ಮನೋವಿಶ್ಲೇಷಣೆಯ ಕುರಿತ ಚಿತ್ರ. ಆ ಶಾಸ್ತ್ರದ ಜನಕ ಸಿಗ್ಮಂಡ್ ಫ್ರಾಯ್ಡ್ ದೂರ ಉಳಿದರೂ ಅವರ ಶಿಷ್ಯರಾದ ಕಾರ್ಲ್ ಅಬ್ರಹಾಂ ಮತ್ತು ಹಾನ್ಸ್ ಝಾಕ್ಸ್ ಸಲಹೆ ನೀಡಿದ್ದರು. ಅದರ ಕನಸಿನ ಭಾಗದಲ್ಲಿ ಒಂದೇ ಫಿಲ್ಮು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಬಂದು ಪದರದ ಮೇಲೆ ಪದರವಾಗಿ ಬೆಳಕು ಕಾಣುತ್ತದೆ. 1913ರಲ್ಲಿ ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿಸಿದ ಲೆಕ್ಕವೇ ಇಲ್ಲಿ ಒಂದು ತಲೆಯೊಳಗಿನ ಗೊಂದಲವನ್ನೆಲ್ಲ ಹೊರಗೆ ತಂದು ಇಡುತ್ತದೆ. ಮರುವರ್ಷವೇ, 1927ರಲ್ಲಿ, ತಮಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ‘ಪ್ರಾಯೋಗಿಕ ಕ್ಯಾಮೆರಾಮನ್’ ಎಂಬರ್ಥದ ಹೆಸರಿನ ಪುಸ್ತಕವಾಗಿ ಬರೆದು ಹಂಚಿಬಿಟ್ಟರು. ಒಂದು ಸಂಪುಟ ಉಪಕರಣಗಳದ್ದು, ಇನ್ನೊಂದು ಪೂರ್ತಿ ಟ್ರಿಕ್ ಚಿತ್ರೀಕರಣದ್ದು. ಕಸುಬಿನ ಗುಟ್ಟನ್ನು ಮಗನಿಗೂ ಹೇಳದೆ ಸಾಯುವ ಕುಶಲಕರ್ಮಿಗಳ ನಡುವೆ ಇದು ಅಪರೂಪದ ಔದಾರ್ಯ.

ಚಿತ್ರಗಳಿಗೆ ಮಾತು ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. 1932ರಲ್ಲಿ ಪಾರ್ಶ್ವವಾಯು ಬಡಿಯಿತು. 1935ರಿಂದ ಉಫಾದ ಟ್ರಿಕ್ ವಿಭಾಗವನ್ನು ನೋಡಿಕೊಂಡರು. ನಾಜಿ ಕಾಲದ ಪ್ರಚಾರಚಿತ್ರವಾದ 1936ರ ‘ಎವಿಗರ್ ವಾಲ್ಡ್’ನ ಛಾಯಾಗ್ರಾಹಕರ ತಂಡದಲ್ಲಿಯೂ ಅವರ ಹೆಸರಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1940ರ ಜುಲೈ 2ರಂದು ಬರ್ಲಿನ್‌ನಲ್ಲಿ ನಿಧನರಾದರು.

ಉಳಿದ ದೂರುಗಳು ಸಣ್ಣವು. ಬರಹದ ಫಲಕಗಳು ಜರ್ಮನ್ ಭಾಷೆಯಲ್ಲಿದ್ದು ಅಡಿಯಲ್ಲಿ ಇಂಗ್ಲಿಷ್ ಅನುವಾದ ಬರುತ್ತದೆ. ಉದ್ದನೆಯ ಫಲಕಗಳಲ್ಲಿ ಓದಿ ಮುಗಿಸುವಷ್ಟರಲ್ಲಿ ಅದು ಮಾಯವಾಗುತ್ತದೆ. ಮೆನುವಿನಲ್ಲಿ ದೃಶ್ಯಗಳ ವಿಭಾಗ ತೀರ ದೊಡ್ಡದಾಗಿರುವುದರಿಂದ ನನ್ನಂತೆ ಒಂದೇ ತುಣುಕನ್ನು ಹತ್ತು ಸಲ ನೋಡಬೇಕೆನ್ನುವವರು ಬೆರಳು ನೋಯಿಸಿಕೊಳ್ಳಬೇಕು. ಪೆಟ್ಟಿಗೆಯೊಳಗೆ ಡಿಸ್ಕನ್ನು ಹಿಡಿದಿಡುವ ಪ್ಲಾಸ್ಟಿಕ್ ಹಲ್ಲುಗಳಲ್ಲಿ ಎರಡು ನನ್ನ ಪ್ರತಿಯಲ್ಲಿ ಮೊದಲೇ ಮುರಿದಿದ್ದವು. ಇಷ್ಟಾದರೂ ಕೊಳ್ಳಬಹುದೇ ಎಂದರೆ ಕೊಳ್ಳಬಹುದು ಎನ್ನುತ್ತೇನೆ, ಅದರಲ್ಲೂ ಕ್ಯಾಮೆರಾ ಕೆಲಸ ಕಲಿಯುತ್ತಿರುವವರು. ಆತುರದ ಕಥೆ ಬೇಕೆನ್ನುವವರಿಗೆ ನಿಧಾನವೆನಿಸೀತು. ಕ್ಯಾಮೆರಾ ಬಹುಪಾಲು ದೂರದಲ್ಲಿ ಅಲುಗದೆ ನಿಂತಿರುತ್ತದೆ, ಹತ್ತಿರ ಹೋಗಿ ಮುಖ ತೋರಿಸುವ ಅಭ್ಯಾಸ ಆಗಿನ್ನೂ ಬಂದಿರಲಿಲ್ಲ. ದ್ವಿಪಾತ್ರದ ದೃಶ್ಯಗಳಲ್ಲಿ ಅದು ಅಲುಗದಿರುವುದಕ್ಕೆ ಕಾರಣವೇನೆಂದು ಮೇಲೆ ಹೇಳಿದ್ದೇನೆ.

ಒಂದು ಕೋರಿಕೆ ಮಾತ್ರ ಇದೆ. ಮೊದಲ ಸಲ ನಿಲ್ಲಿಸದೆ, ಸಂಗೀತದೊಂದಿಗೆ ನೋಡಿ. ಎರಡನೆಯ ಸಲ ಧ್ವನಿ ಆರಿಸಿ, ಇಬ್ಬರು ವೇಗೆನರ್ ಒಟ್ಟಿಗೆ ಬರುವ ದೃಶ್ಯಗಳನ್ನಷ್ಟೇ ಸೆಕೆಂಡಿಗೆ ಎರಡು ಸುತ್ತಿನ ಲೆಕ್ಕದಲ್ಲಿ ಮನಸ್ಸಿನಲ್ಲಿ ಎಣಿಸುತ್ತ ನೋಡಿ. ನಾನು ಎಣಿಸಿದೆ, ಪ್ರತಿಸಲವೂ ನಲವತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು. ಕೊನೆಯಲ್ಲಿ ಬಾಲ್ಡುಯಿನ್‌ನ ಸಮಾಧಿಯ ಮೇಲೆ ಪ್ರತಿಬಿಂಬ ಒಂಟಿಯಾಗಿ ಕೂತಿರುವ ಚಿತ್ರ ಬರುತ್ತದೆ. ಅಲ್ಲಿ ಇರುವವನು ಒಬ್ಬನೇ ಆದ್ದರಿಂದ ಮಾಸ್ಕೂ ಬೇಕಿಲ್ಲ, ಹಿಂದಕ್ಕೆ ಸುತ್ತುವ ಕೆಲಸವೂ ಇಲ್ಲ; ಫಿಲ್ಮು ಒಂದೇ ಸಲ ಬೆಳಕು ಕಂಡರೆ ಸಾಕು.